ನ್ಯೂಸ್ ಆಂಟಿಯ ಡಬ್ಬಿ

ನಮ್ಮ ಮನೆಯಿಂದ ತುಂಬಿ ಹೋದ ಡಬ್ಬಿ ಬರಿದಾಗಿ ವಾಪಸ್ ಬಂದರೆ ನನಗೆ ಮೈ ಉರಿಯುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ನನ್ನನ್ನು ಜಗಳಗಂಟಿ ಅನ್ನಬೇಡಿ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮಾತು ಬಿಟ್ಟುಕೊಂಡ ಮನೆಯವರೂ ಅಷ್ಟು ಮಾಡುತ್ತಿದ್ದರು.

ಅಮೆರಿಕದಲ್ಲಿ, ನಾವಿರುವ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ ಇದೆಲ್ಲ ಯಾರಿಗೂ ಬೇಡ. ನಮ್ಮ ಕನ್ನಡದವರೇ ಪ್ಲಾಸ್ಟಿಕ್ ಡಬ್ಬದಲ್ಲಿ ಪುಳಿಯೋಗರೆ ಹಾಕಿ ಕೊಟ್ಟು, "ವಾಪಸ್ ಬೇಡ ಆಂಟಿ, ಥ್ರೋ ಮಾಡಿ" ಎನ್ನುತ್ತಾರೆ. ಎಸೆಯುವ ಪಾತ್ರೆಯಲ್ಲಿ ಬಂದ ಊಟಕ್ಕೆ ಏನು ಮರ್ಯಾದೆ? ಇಡೀ ಸಬ್‌ಡಿವಿಷನ್ನಿನಲ್ಲಿ, ಅಂದರೆ ನಮ್ಮ ಬಡಾವಣೆಯಲ್ಲಿ, ಈ ವಿಷಯ ಯಾರೂ ಹೇಳಿಕೊಡದೆ ಗೊತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ಜೊಂಗಿಮ್.

ಪೂರ್ತಿ ಹೆಸರು ಪ್ಯೋ ಜೊಂಗಿಮ್. ಕೊರಿಯಾದವಳು, ನನಗಿಂತ ಎರಡು ವರ್ಷ ಚಿಕ್ಕವಳು, ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹತ್ತಿರದ ಡುಲೂತ್‌ನಲ್ಲಿರುವ ಕೊರಿಯನ್ ಚಾನೆಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಸಂಜೆಯ ವಾರ್ತೆ ಓದುತ್ತಿದ್ದಳು. ನನ್ನ ಮಗ ಚಿರಾಗ್ ಚಿಕ್ಕಂದಿನಿಂದಲೂ ಅವಳನ್ನು 'ನ್ಯೂಸ್ ಆಂಟಿ' ಎಂದೇ ಕರೆಯುತ್ತಿದ್ದ. ಬಹಳ ವರ್ಷ ನಮ್ಮದು ಬರೀ ಕೈ ಬೀಸುವ ಸ್ನೇಹ. ಅವಳು ಕಾರು ಹಿಂದೆ ತೆಗೆಯುವಾಗ ಒಂದು ಸಲ, ನಾನು ಮೇಲ್‌ಬಾಕ್ಸಿಗೆ ಹೋದಾಗ ಒಂದು ಸಲ.

2020ರ ಲಾಕ್‌ಡೌನ್ ಬಂತು. ಚಾನೆಲ್ಲಿನವರು ಅವಳ ಮನೆಯ ಬೇಸ್‌ಮೆಂಟಿನಲ್ಲೇ ಒಂದು ಕ್ಯಾಮೆರಾ ಇಟ್ಟುಕೊಟ್ಟು ಅಲ್ಲಿಂದಲೇ ಓದಿಸಿದರು. ಇಡೀ ದಿನ ಒಬ್ಬಳೇ ಇದ್ದು, ಸಂಜೆಗೆ ತಾನೇ ಪೌಡರ್ ಹಚ್ಚಿಕೊಂಡು, ಗೋಡೆಯ ಎದುರು ಕೂತು ಸಾವಿನ ಸಂಖ್ಯೆ ಓದುವುದು ಯಾರ ಕರ್ಮ ಹೇಳಿ. ನನಗೆ ತಡೆಯಲಿಲ್ಲ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತುಂಬಿ ಅವಳ ಬಾಗಿಲಲ್ಲಿಟ್ಟು, ಬೆಲ್ ಒತ್ತಿ ಓಡಿಬಂದೆ. ಆ ಡಬ್ಬಿಯ ಹೊಟ್ಟೆಯ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೆತ್ತಿದ 'ಸೌ. ಊರ್ಮಿಳಾ' ಎಂಬ ನನ್ನ ಹೆಸರು ಇವತ್ತಿಗೂ ಅಳಿಸಿಲ್ಲ.

ಮೂರನೇ ದಿನ ಡಬ್ಬಿ ನಮ್ಮ ಬಾಗಿಲಲ್ಲಿತ್ತು. ಒಳಗೆ ಕೆಂಪಗೆ ಎಲೆಕೋಸಿನ ಕಿಮ್ಚಿ, ಸಾಮಾನ್ಯವಾಗಿ ಮೀನಿನ ರಸ ಹಾಕಿ ಮಾಡುವ ಅವರ ಉಪ್ಪಿನಕಾಯಿ. ಮೇಲೆ ಅಂಟಿಸಿದ ಚೀಟಿಯಲ್ಲಿ 'ಮೀನು ಹಾಕಿಲ್ಲ, ನಿಮಗೆಂದೇ ಬೇರೆ ಮಾಡಿದ್ದು' ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ನಾವು ಮೀನು ತಿನ್ನುವುದಿಲ್ಲ ಎಂದು ಕೈ ಬೀಸಿಕೊಂಡೇ ಹೇಗೆ ತಿಳಿದುಕೊಂಡಳೋ. ನಾನು ಅದಕ್ಕೆ ಸಾಸಿವೆ, ಇಂಗು ಹಾಕಿ ಒಗ್ಗರಣೆ ಕೊಟ್ಟೆ. ಮೊಸರನ್ನಕ್ಕೆ ಅಂಥ ಜೋಡಿ ಇನ್ನೊಂದಿಲ್ಲ. ಮುಂದೆ ಅವಳಿಗೂ ಹಾಗೇ ಬಡಿಸಿದೆ. ಒಂದು ತುತ್ತು ತಿಂದು ಕಣ್ಣು ಮುಚ್ಚಿಕೊಂಡು, "ನಮ್ಮಜ್ಜಿ ಇದ್ದಿದ್ದರೆ ಪೊಲೀಸರನ್ನ ಕರೀತಿದ್ದಳು" ಅಂದಳು. ಎರಡನೇ ಸಲ ಬಡಿಸಿಕೊಂಡಳು. ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಇಬ್ಬರದೂ ಅಷ್ಟಕ್ಕಷ್ಟೇ. ಇಲ್ಲಿ ಅವಳ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹಾಗೆ ಶುರುವಾಗಿದ್ದು ನಿಲ್ಲಲೇ ಇಲ್ಲ. ಇಲ್ಲಿಂದ ನುಚ್ಚಿನುಂಡೆ ಹೋದರೆ ಅಲ್ಲಿಂದ ಎಳ್ಳು ಹಚ್ಚಿದ ಅಕ್ಕಿ ಕಡುಬು, ಇಲ್ಲಿಂದ ಒಬ್ಬಟ್ಟು ಹೋದರೆ ಅಲ್ಲಿಂದ ಸಿಪ್ಪೆ ಹೆರೆದ ಪೇರ್ ಹಣ್ಣು. ಸಂಜೆ ಅವಳ ವಾರ್ತೆ ಹಾಕಿಕೊಂಡು ಚಪಾತಿ ಲಟ್ಟಿಸುವುದು ನನಗೆ ಅಭ್ಯಾಸವಾಯಿತು. ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಆದರೆ ಆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ, ಹಿಟ್ಟು ನಾದುವುದಕ್ಕೆ ಬಹಳ ಚೆನ್ನಾಗಿತ್ತು. "ಕನ್ನಡ ಚಾನೆಲ್‌ನಲ್ಲಿ ಕಿರುಚಾಡ್ತಾರೆ ಅಂತ ಕೊರಿಯನ್ ನ್ಯೂಸ್ ನೋಡ್ತಾಳೆ ನಮ್ಮ ಮನೆಯವಳು" ಎಂದು ನನ್ನ ಗಂಡ ಮುರಳೀಧರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಆ ಧ್ವನಿ ಅಲುಗಾಡಿದ್ದನ್ನು ನಾನು ಒಮ್ಮೆ ಕೇಳಿದೆ, ಅದೂ ಟೀವಿಯಲ್ಲಲ್ಲ. 2021ರ ಮಾರ್ಚಿನಲ್ಲಿ ಅಟ್ಲಾಂಟಾದ ಸ್ಪಾಗಳಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ಸತ್ತವರಲ್ಲಿ ನಾಲ್ಕು ಜನ ಕೊರಿಯನ್ ಮೂಲದ ಹೆಂಗಸರು. ಆ ವಾರವೆಲ್ಲ ಜೊಂಗಿಮ್ ಅವರ ಹೆಸರುಗಳನ್ನು ಎಂದಿನ ಧ್ವನಿಯಲ್ಲೇ ಓದಿದಳು. ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯ ಮೇಜಿಗೆ ಬಂದು ಕೂತಳು. ನಾನು ಕಾಫಿ ಇಟ್ಟೆ. ಕುಡಿಯಲಿಲ್ಲ.

"ಇಪ್ಪತ್ತು ವರ್ಷದಿಂದ ಬೇರೆಯವರು ಬರೆದಿದ್ದನ್ನ ಓದ್ತಿದೀನಿ, ಊರ್ಮಿಳಾ. ನನ್ನದು ಅಂತ ಒಂದು ಮಾತೂ ಆಡಿಲ್ಲ" ಅಂದಳು. ಅಷ್ಟು ಹೇಳುವುದರಲ್ಲಿ ಧ್ವನಿ ಎರಡು ಕಡೆ ಒಡೆಯಿತು. ನಾನು ಅವಳ ಕೈ ಹಿಡಿದುಕೊಂಡು ಕೂತೆ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದೇ ವರ್ಷ ಒಂದು ಸಂಜೆ ಜೊಂಗಿಮ್‌ಗೆ ಪುರುಸೊತ್ತಾಗದೆ, ಡಬ್ಬಿಯನ್ನು ತನ್ನ ಚಾನೆಲ್ಲಿನಲ್ಲಿ ಗ್ರಾಫಿಕ್ಸ್ ಮಾಡುವ ಹುಡುಗಿಯ ಕೈಲಿ ಕಳಿಸಿದಳು. ಬಾಗಿಲು ತೆಗೆದವನು ಚಿರಾಗ್. ಡಬ್ಬಿ ಇಸಿದುಕೊಳ್ಳುವುದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡ. ಮರುವರ್ಷ ಅವರಿಬ್ಬರ ಮದುವೆಯಾಯಿತು. ಹುಡುಗಿಯ ಹೆಸರು ಬೊಮಿ. ಗ್ರೀನ್ ಕಾರ್ಡ್ ಇದೆ, ಪಾಸ್‌ಪೋರ್ಟ್ ಕೊರಿಯಾದ್ದು. ಸ್ವಂತ ಮನೆ ಕೊಳ್ಳುವವರೆಗೆ ನಮ್ಮ ಜೊತೆಯೇ ಇರುತ್ತೇವೆಂದು ಇಬ್ಬರೂ ಕೆಳಗಿನ ಬೇಸ್‌ಮೆಂಟಿನಲ್ಲಿ ಸಂಸಾರ ಹೂಡಿದ್ದಾರೆ. ನನ್ನನ್ನು ಅಮ್ಮ ಎನ್ನುತ್ತಾಳೆ, ನನಗಿಂತ ಚೆನ್ನಾಗಿ ರೊಟ್ಟಿ ತಟ್ಟುತ್ತಾಳೆ. ಮನೆಗೆ ಸೊಸೆ ಬಂದಿದ್ದೂ ಆ ಡಬ್ಬಿಯಿಂದಲೇ ಎಂದು ನಾನು ಹೆಮ್ಮೆ ಪಡುತ್ತಿದ್ದೆ.

2023ರ ಕೊನೆಯಲ್ಲಿ ಜೊಂಗಿಮ್ ಚಾನೆಲ್ಲಿನ ಕೆಲಸ ಬಿಟ್ಟಳು. ಏಪ್ರಿಲ್‌ನಲ್ಲಿ ಕೊರಿಯಾದ ಪಾರ್ಲಿಮೆಂಟಿಗೆ ಚುನಾವಣೆ. ಹೊರದೇಶದಲ್ಲಿರುವ ಕೊರಿಯನ್ನರ ಪರವಾಗಿ ಒಬ್ಬರಿರಲಿ ಎಂದು ಅಲ್ಲಿನ ಒಂದು ಪಕ್ಷ ಇವಳನ್ನು ಕೇಳಿತ್ತಂತೆ. ಟೀವಿಯ ಮುಖ, ಎಲ್ಲರಿಗೂ ಪರಿಚಯ. ಅವಳು ಇಷ್ಟು ವರ್ಷವಾದರೂ ಅಮೆರಿಕದ ಪೌರತ್ವ ತೆಗೆದುಕೊಂಡಿರಲಿಲ್ಲ, ಅದೂ ಅನುಕೂಲವಾಯಿತು. "ನಿಲ್ತೀನಿ ಅಂದೆ" ಎಂದು ಬೇಲಿಯಾಚೆಯಿಂದ ಹೇಳಿದಾಗ ನಾನು ಖುಷಿಯಿಂದ ಚಪ್ಪಾಳೆ ತಟ್ಟಿದೆ. ಆ ವಾರವೇ ಚಕ್ಕುಲಿ ಕಳಿಸಿದೆ.

ಡಬ್ಬಿ ಬರಿದಾಗಿ ಬಂತು.

ತೊಳೆದಿತ್ತು, ಒರೆಸಿತ್ತು, ಫಳಫಳ ಹೊಳೆಯುತ್ತಿತ್ತು. ಅವಸರದಲ್ಲಿದ್ದಾಳೆ ಎಂದುಕೊಂಡು ಮತ್ತೆ ರವೆ ಉಂಡೆ ಕಳಿಸಿದೆ. ಮತ್ತೆ ಬರಿದು. ಪ್ರತಿ ನವೆಂಬರ್‌ನಲ್ಲಿ ಬರುತ್ತಿದ್ದ ಚಳಿಗಾಲದ ಕಿಮ್ಚಿಯ ದೊಡ್ಡ ಪಾಲು ಆ ವರ್ಷ ಬಂದಿರಲೇ ಇಲ್ಲ ಎನ್ನುವುದೂ ಆಗ ನೆನಪಾಯಿತು. ನನಗೆ ರೇಗಿತು. ನಾನು ಸುಮ್ಮನಿರುವವಳಲ್ಲ. ಇನ್ನಷ್ಟು ಒತ್ತೊತ್ತಿ ತುಂಬಿದೆ. ಕೊಬ್ಬರಿ ಮಿಠಾಯಿ, ನಿಪ್ಪಟ್ಟು, ತುಪ್ಪ ತೊಟ್ಟಿಕ್ಕುವ ಬಿಸಿಬೇಳೆ ಭಾತ್. ಅವಳಿಗೆ ನಾಚಿಕೆಯಾಗಲಿ ಎಂದೇ ಕಳಿಸಿದ್ದು. ನಾನು ತುಂಬಿದಷ್ಟೂ ಡಬ್ಬಿ ಹೆಚ್ಚು ಹೆಚ್ಚು ಶುಭ್ರವಾಗಿ ಬಂತು. ಕೊನೆಕೊನೆಗೆ ಕೊಡುವಾಗ ಅವಳು ನನ್ನ ಮುಖವನ್ನೇ ನೋಡುತ್ತಿರಲಿಲ್ಲ. ವಾರ್ತೆ ಓದುವ ಮುಖ ಇಟ್ಟುಕೊಂಡು "ಥ್ಯಾಂಕ್ಯೂ" ಎಂದು ಹೋಗಿಬಿಡುತ್ತಿದ್ದಳು.

"ಎಂಪಿ ಆಗೋ ಮುಂಚೇನೇ ಇಷ್ಟು ಜಂಬ ನೋಡ್ರೀ" ಎಂದು ಒಂದು ಭಾನುವಾರ ಡಬ್ಬಿಯನ್ನು ಸಿಂಕಿಗೆ ಕುಕ್ಕಿದೆ. "ಇನ್ನು ಆ ಮನೆಗೆ ಒಂದು ಸಾಸಿವೆ ಕಾಳೂ ಹೋಗಲ್ಲ."

ಬೊಮಿ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ಅಮ್ಮ, ನೋ. ಅದು ಜಂಬ ಅಲ್ಲ. ಇಟ್ಸ್ ಬಿಕಾಸ್ ಆಫ್ ಮೀ."

"ನೀನೇನು ಮಾಡಿದ್ಯೇ ಅವಳಿಗೆ?"

"ನಂಗೆ ವೋಟ್ ಇದೆ."

ನಿಧಾನವಾಗಿ ಬಿಡಿಸಿ ಹೇಳಿದಳು. ಕೊರಿಯಾದಲ್ಲಿ ಚುನಾವಣೆಗೆ ನಿಲ್ಲುವವರು ಮತದಾರರಿಗೆ ಏನನ್ನೂ ಕೊಡುವಂತಿಲ್ಲವಂತೆ. ದುಡ್ಡು ಹಾಗಿರಲಿ, ಊಟ, ಹಣ್ಣು, ಉಪ್ಪಿನಕಾಯಿ ಕೂಡ. ಕೊಟ್ಟವರಿಗೆ ಶಿಕ್ಷೆ, ತೆಗೆದುಕೊಂಡವರಿಗೆ ಅದರ ಬೆಲೆಯ ಹತ್ತಾರು ಪಟ್ಟು ದಂಡ. ಹೊರದೇಶದಲ್ಲಿರುವ ಮತದಾರರಿಗೂ ಅದೇ ಕಾನೂನು. ನಮ್ಮ ಮನೆಯಲ್ಲಿ ಕೊರಿಯನ್ ಪಾಸ್‌ಪೋರ್ಟಿನ ಒಂದು ವೋಟು ಇದೆ. ನಮ್ಮ ಡಬ್ಬಿಗೆ ಅವಳು ಒಂದು ಚಮಚ ಸಕ್ಕರೆ ಹಾಕಿದರೂ ಅದು ಮತದಾರಳ ಮನೆಗೆ ಹೋದ ಉಡುಗೊರೆಯೇ.

"ಯಾವ ಸೀಮೆ ಕಾನೂನೇ ಇದು!" ಎಂದೆ. ನಮ್ಮಲ್ಲಿ ಚುನಾವಣೆ ಬಂದರೆ ಮನೆಗೆ ಕುಕ್ಕರ್ ಬರುತ್ತದೆ, ಸೀರೆ ಬರುತ್ತದೆ. ಇವರಲ್ಲಿ ಇಷ್ಟು ದಿನ ಬರುತ್ತಿದ್ದ ಉಪ್ಪಿನಕಾಯಿಯೂ ನಿಲ್ಲುತ್ತದೆ. ಮುರಳೀಧರ ಪೇಪರಿನ ಹಿಂದಿನಿಂದ, "ಆ ಕಾನೂನು ಒಂದೇ ಒಂದು ಸಲ ಮಂಡ್ಯಕ್ಕೆ ತರಬೇಕಿತ್ತು" ಅಂದರು.

ನಾನು ನಿಂತ ಕಾಲಲ್ಲೇ ಪಕ್ಕದ ಮನೆಗೆ ಹೋಗಿ ಜೊಂಗಿಮ್‌ನ ಬೈದೆ. ನನಗೊಂದು ಮಾತು ಹೇಳಬಾರದಿತ್ತೇ?

"ಹೇಳಿದ್ದರೆ ನೀನು ಬಿಡ್ತಿದ್ದೆಯಾ?" ಅಂದಳು. "'ಯಾರಿಗೂ ಹೇಳಲ್ಲ, ಒಂದು ಚಮಚ ತಾನೇ, ಹಾಕು' ಅಂತಿದ್ದೆ. ನೀನು ಹಾಗಂದರೆ ನಾನು ಹಾಕಿಬಿಡ್ತಿದ್ದೆ. ಅದಕ್ಕೇ ಹೇಳಲಿಲ್ಲ."

ಅದು ನಿಜ. ವಾಪಸ್ ಬಂದೆ. ಆದರೆ ಕಾರಣ ತಿಳಿದ ಮಾತ್ರಕ್ಕೆ ಬರಿ ಡಬ್ಬಿ ನೋಡುವ ಸಂಕಟ ಹೋಗುತ್ತದೆಯೇ? ಅವಳು ಗೆದ್ದರೆ ಈ ಕಾನೂನು ಅವಳು ರಾಜಕೀಯದಲ್ಲಿ ಇರುವಷ್ಟು ಕಾಲವೂ ಇರುತ್ತದೆ ಎಂದು ಬೊಮಿ ಹೇಳಿದ್ದಳು. ಅವಳು ಸೋತು ಮನೆಯಲ್ಲಿ ಕೂತರೆ ಮಾತ್ರ ಡಬ್ಬಿ ಮೊದಲಿನಂತೆ ತುಂಬಿ ಬರುತ್ತದೆ. ಇದನ್ನು ಯೋಚಿಸಬಾರದೆಂದು ಎಷ್ಟು ಅಂದುಕೊಂಡರೂ ಸಂಜೆ ದೇವರ ದೀಪ ಹಚ್ಚುವಾಗ ಅದೇ ಯೋಚನೆ ಬರುತ್ತಿತ್ತು. ಅವಳಿಗೆ ಒಳ್ಳೆಯದು ಮಾಡಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ಒಳ್ಳೆಯದು ಎಂದರೆ ಯಾವುದು ಎನ್ನುವುದನ್ನು ದೇವರಿಗೇ ಬಿಟ್ಟಿದ್ದೆ.

ಮಾರ್ಚಿನಲ್ಲಿ ಅವಳು ಸಿಯೋಲ್‌ಗೆ ಹೋದಳು. ಅಲ್ಲಿ ಕೆಲವು ಸೀಟುಗಳಿಗೆ ಜನ ವ್ಯಕ್ತಿಗೆ ವೋಟು ಹಾಕುವುದಿಲ್ಲ, ಪಕ್ಷಕ್ಕೆ ಹಾಕುತ್ತಾರೆ. ಪಕ್ಷ ತನ್ನವರ ಹೆಸರನ್ನು ಸಾಲಾಗಿ ಕೊಟ್ಟಿರುತ್ತದೆ. ಎಷ್ಟು ವೋಟು ಬಂತೋ ಅದರಂತೆ ಸಾಲಿನ ಮುಂದಿನವರಿಗೆ ಸೀಟು. ನನಗೆ ಇದು ಮದುವೆ ಮನೆಯ ಪಂಕ್ತಿಯ ಹಾಗೆ ಕಂಡಿತು. ಎಷ್ಟು ಎಲೆ ಹಾಕಿದ್ದಾರೋ ಅಷ್ಟು ಜನ ಕೂರುತ್ತಾರೆ, ಉಳಿದವರು ಎರಡನೇ ಪಂಕ್ತಿಗೆ ಕಾಯಬೇಕು.

ಎಣಿಕೆಯ ದಿನ ಇಲ್ಲಿ ಯುಗಾದಿ ಮುಗಿದ ಹೊಸತು. ಪೈನ್ ಮರಗಳ ಹಳದಿ ಹುಡಿ ಕಾರು, ಡೆಕ್ಕು, ಬಾಗಿಲ ತೋರಣದ ಮೇಲೆಲ್ಲ ಕೂತಿತ್ತು. ಬೊಮಿ ಅಡುಗೆಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟು ಸಿಯೋಲ್‌ನ ಚಾನೆಲ್ ಹಾಕಿದ್ದಳು. ಪಕ್ಷದ ಕಚೇರಿಯ ಹಾಲಿನಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಮೂರನೇ ಸಾಲಿನಲ್ಲಿ ಜೊಂಗಿಮ್. ಉಳಿದವರು ಕೂಗುತ್ತಿದ್ದರು, ತಬ್ಬಿಕೊಳ್ಳುತ್ತಿದ್ದರು. ಇವಳು ಮಾತ್ರ ಬೆನ್ನು ನೆಟ್ಟಗಿಟ್ಟುಕೊಂಡು ಕೂತಿದ್ದಳು, ಮುಂದಿನ ಸುದ್ದಿ ಓದುವುದಕ್ಕೆ ತಯಾರಾಗಿರುವವಳಂತೆ. ಸಂಜೆಯ ಹೊತ್ತಿಗೆ ಗೊತ್ತಾಯಿತು. ಸಾಲಿನಲ್ಲಿ ಅವಳಿಗಿಂತ ಮುಂದಿದ್ದವರ ತನಕ ಸೀಟು ಬಂದು ನಿಂತಿತ್ತು. ಸರಿಯಾಗಿ ಇವಳ ಎದುರಿಗೇ ಎಲೆ ಮುಗಿದಿತ್ತು.

ಬೊಮಿ ಅತ್ತಳು. ನಾನು ಅವಳ ಬೆನ್ನು ಸವರಿದೆ, "ಛೆ, ಪಾಪ" ಅಂದೆ, ನಿಜವಾಗಿಯೂ ಪಾಪ ಅನ್ನಿಸಿತು. ಆದರೆ ಒಳಗೆ ಖುಷಿಯಾಗಿತ್ತು. ಸುಳ್ಳು ಹೇಳುವುದೇಕೆ, ಬಹಳ ಖುಷಿಯಾಗಿತ್ತು. ಕೈ ತಾನಾಗಿಯೇ ಶಾವಿಗೆ ಡಬ್ಬದ ಕಡೆ ಹೋಯಿತು. ದ್ರಾಕ್ಷಿ, ಗೋಡಂಬಿ ಹುರಿಯುವ ವಾಸನೆಗೆ ಮುರಳೀಧರ ಮೇಲಿನಿಂದ ಇಳಿದು ಬಂದರು.

"ಏನೇ ಇದು, ಪಾಯಸ?"

"ಹಬ್ಬದ ಶಾವಿಗೆ ಮಿಕ್ಕಿತ್ತು."

"ಮಿಕ್ಕಿತ್ತು, ಮಿಕ್ಕಿತ್ತು" ಎಂದು ಬಟ್ಟಲು ಹಿಡಿದುಕೊಂಡು ಹೋದರು.

ಜೊಂಗಿಮ್ ತಿಂಗಳ ಕೊನೆಗೆ ವಾಪಸ್ ಬಂದಳು. ಎರಡನೇ ದಿನ ಬೆಲ್ ಆಯಿತು. ಬಾಗಿಲಲ್ಲಿ ಅವಳು, ಕೈಯಲ್ಲಿ ಅವಳು ಹೊರಡುವ ಮುಂಚೆ ನಾನು ಕೊನೆಯ ಸಲ ಕಳಿಸಿದ್ದ ನನ್ನ ಡಬ್ಬಿ, ಮುಚ್ಚಳ ಕೂರದಷ್ಟು ತುಂಬಿದ ಕಿಮ್ಚಿ. "ಮುಗೀತು" ಅಂದಳು, ನಕ್ಕಳು. ನಾನು ಡಬ್ಬಿ ಇಸಿದುಕೊಂಡು ಅಲ್ಲೇ ಬಾಗಿಲಲ್ಲೇ ಒಂದು ಎಸಳು ಬಾಯಿಗೆ ಹಾಕಿಕೊಂಡೆ. ನನ್ನ ಊರು ನನಗೆ ವಾಪಸ್ ಸಿಕ್ಕಿದಷ್ಟು ಸಂತೋಷವಾಯಿತು.

ಚಾನೆಲ್ಲಿನಲ್ಲಿ ಅವಳ ಜಾಗಕ್ಕೆ ಆಗಲೇ ಒಬ್ಬ ಹುಡುಗಿ ಬಂದಿದ್ದಳು. ಇವಳು ಜಾಹೀರಾತಿಗೆ ಧ್ವನಿ ಕೊಡತೊಡಗಿದಳು. ಹಾಸಿಗೆ ಅಂಗಡಿ, ಆಕ್ಸಿಡೆಂಟ್ ವಕೀಲರು, ಸೂರು ರಿಪೇರಿ ಮಾಡುವವರು. ಅದನ್ನೂ ಅದೇ ಸಮ ಧ್ವನಿಯಲ್ಲಿ ಓದುತ್ತಿದ್ದಳು, ಸೂರು ಸೋರುವುದೂ ದೇಶದ ಸುದ್ದಿ ಎನ್ನುವ ಹಾಗೆ. ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಡಬ್ಬಿ ಹೋಗುತ್ತಿತ್ತು, ಬರುತ್ತಿತ್ತು. ಎಲ್ಲ ಸರಿಯಾಯಿತು ಎಂದುಕೊಂಡೆ.

ಸರಿಯಾಗಿರಲಿಲ್ಲ ಎನ್ನುವುದು ಡಿಸೆಂಬರಿನಲ್ಲಿ ತಿಳಿಯಿತು. ಒಂದು ಬೆಳಿಗ್ಗೆ ತಿಂಡಿ ಕೊಡಲೆಂದು ಹೋದರೆ ಅವಳ ಮನೆಯ ಬಾಗಿಲು ತೆರೆದೇ ಇತ್ತು. ಅಲ್ಲಿ ಸಿಯೋಲ್‌ನಲ್ಲಿ ಆಗ ರಾತ್ರಿ. ಅಧ್ಯಕ್ಷರು ಸೈನಿಕ ಆಡಳಿತ ಹೇರಿದ್ದಾರೆಂದೂ ಪಾರ್ಲಿಮೆಂಟಿನ ಸದಸ್ಯರು ಬೇಲಿ ಹತ್ತಿ ಒಳಗೆ ಹೋಗಿ ಅದನ್ನು ತಡೆಯಲು ನೋಡುತ್ತಿದ್ದಾರೆಂದೂ ಆಮೇಲೆ ಬೊಮಿ ಹೇಳಿದಳು. ಟೀವಿಯ ಮುಂದೆ ಜೊಂಗಿಮ್ ನಿಂತಿದ್ದಳು. ಸೋಫಾ ಹಿಂದೆಯೇ ಇತ್ತು, ಕೂತಿರಲಿಲ್ಲ. ಕಾಲಲ್ಲಿ ಮನೆಯ ಚಪ್ಪಲಿ, ಮೈಮೇಲೆ ಹೊರಗೆ ಹೋಗುವ ಕೋಟು. ಕೋಟು ಯಾವಾಗ ಹಾಕಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ.

"ನಾನು ಅಲ್ಲಿರಬೇಕಿತ್ತು" ಅಂದಳು. ನನಗೆ ಹೇಳಿದ್ದಲ್ಲ, ಟೀವಿಗೆ ಹೇಳಿದ್ದು.

ನಾನು ತಿಂಡಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಸದ್ದಿಲ್ಲದೆ ಬಂದೆ. ಎರಡು ದಿನ ಬಿಟ್ಟು ಅದು ತುಂಬಿಯೇ ವಾಪಸ್ ಬಂತು. ಅವಳು ಅಲ್ಲಿಲ್ಲದೆ ಇಲ್ಲಿ ಕೂತಿರುವುದರಿಂದಲ್ಲವೇ ಇದು ತುಂಬಿ ಬರುತ್ತಿರುವುದು ಎಂದು ಯೋಚನೆ ಬಂತು. ಆ ಸಲದ ಕಿಮ್ಚಿಗೆ ಒಗ್ಗರಣೆ ಹಾಕುವ ಮನಸ್ಸಾಗಲಿಲ್ಲ.

ಮರುವರ್ಷ ಅಲ್ಲಿ ಹೊಸ ಸರ್ಕಾರ ಬಂತು. ಜುಲೈನ ಒಂದು ಮಧ್ಯಾಹ್ನ ಜೊಂಗಿಮ್ ನಮ್ಮ ಅಡುಗೆಮನೆಗೆ ಬಂದಳು. ಡಬ್ಬಿಯಲ್ಲಿ ಸೌತೆಕಾಯಿ ಕಿಮ್ಚಿ. ಹೊರಗೆ ಜಾರ್ಜಿಯಾದ ಸೆಕೆ, ಒಳಗೆ ನಾನು ಮೊಸರನ್ನ ಕಲಸಿಟ್ಟಿದ್ದೆ, ಬೊಮಿ ತಟ್ಟೆ ಹಾಕುತ್ತಿದ್ದಳು. ಜೊಂಗಿಮ್ ಆಗತಾನೆ ಮುಚ್ಚಳ ತೆಗೆದಿದ್ದಳು. ಫೋನ್ ಬಂತು.

ನಿಂತುಕೊಂಡು ಮಾತಾಡಿದಳು. ನನಗೆ ಕೊರಿಯನ್ ಬರುವುದಿಲ್ಲ, ಆದರೆ ಅವಳ ಧ್ವನಿಯನ್ನು ವರ್ಷಗಟ್ಟಲೆ ಕೇಳಿದ್ದೇನೆ. ಇದು ವಾರ್ತೆಯ ಧ್ವನಿಯಲ್ಲ, ಜಾಹೀರಾತಿನದಲ್ಲ, ನನ್ನ ಹತ್ತಿರ ಹರಟುವ ಧ್ವನಿಯೂ ಅಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ನಿಲ್ಲುತ್ತಿತ್ತು. ಬೊಮಿ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಹಾಗೇ ನಿಂತಳು. ಜೊಂಗಿಮ್ ಫೋನ್ ಇಟ್ಟಳು. ಮುಚ್ಚಳ ತೆಗೆದುಕೊಂಡು ಡಬ್ಬಿಯನ್ನು ಮುಚ್ಚಿದಳು.

ಅಷ್ಟರಲ್ಲಿ ನನಗೆ ಗೊತ್ತಾಯಿತು. ವಿವರವನ್ನು ಬೊಮಿ ಆಮೇಲೆ ಹೇಳಿದಳು. ಸಾಲಿನಲ್ಲಿ ಅವಳಿಗಿಂತ ಮುಂದಿದ್ದು ಸೀಟು ಸಿಕ್ಕಿದವರಲ್ಲಿ ಒಬ್ಬರು ಹೊಸ ಸರ್ಕಾರದ ದೊಡ್ಡ ಹುದ್ದೆಗೆ ಹೋಗಲು ರಾಜೀನಾಮೆ ಕೊಟ್ಟಿದ್ದರು. ಎಲೆ ಖಾಲಿಯಾಗಿತ್ತು. ಪಂಕ್ತಿಯಲ್ಲಿ ಮುಂದೆ ಕೂರಬೇಕಾದವಳು ಇವಳೇ.

"ಊರ್ಮಿಳಾ, ಇದನ್ನ..." ಎಂದು ಡಬ್ಬಿಯ ಮೇಲೆ ಕೈಯಿಟ್ಟಳು. ಮುಖದಲ್ಲಿ ಸಂತೋಷವಿತ್ತು, ಅದನ್ನು ತೋರಿಸುವುದಕ್ಕೆ ಸಂಕೋಚವೂ ಇತ್ತು. "ವಾಪಸ್ ತಗೊಂಡು ಹೋಗಬೇಕು."

"ತಗೊಂಡು ಹೋಗು" ಅಂದೆ.

ಸೌತೆಕಾಯಿ ಬಂದ ದಾರಿಯಲ್ಲೇ ಹೋಯಿತು. ಊಟಕ್ಕೆ ಬಂದ ಮುರಳೀಧರ, ಬೊಮಿ, ನಾನು ಮೂವರೂ ಮೊಸರನ್ನವನ್ನು ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ತಿಂದೆವು. ಮುರಳೀಧರ ನನ್ನ ಮುಖವನ್ನೇ ನೋಡಿ ನೋಡಿ ಕೊನೆಗೆ, "ಕೂಗಾಡಲ್ವಾ?" ಅಂದರು. ಕೂಗಾಡಬೇಕು ಅನ್ನಿಸಲಿಲ್ಲ. ಫೋನಿನಲ್ಲಿ ಕೇಳಿದ ಆ ಧ್ವನಿ ಕಿವಿಯಲ್ಲೇ ಇತ್ತು. ಇಪ್ಪತ್ತು ವರ್ಷ ಆಡದೇ ಇದ್ದವಳು ಮಾತಾಡುವುದಕ್ಕೆ ಹೊರಟಿದ್ದಳು. ಉಪ್ಪಿನಕಾಯಿಗೋಸ್ಕರ ನಾನು ಅಡ್ಡ ನಿಲ್ಲಲೇ?

ಮಾರನೆಯ ಬೆಳಿಗ್ಗೆ ಡಬ್ಬಿ ಬಂತು. ತೊಳೆದು, ಒರೆಸಿ, ಬರಿದು.

ಹೊರಡುವ ದಿನ ಎರಡು ದೊಡ್ಡ ಸೂಟ್‌ಕೇಸುಗಳೊಂದಿಗೆ ಅವಳು ಡ್ರೈವ್‌ವೇಯಲ್ಲಿ ನಿಂತಿದ್ದಳು. ಏರ್‌ಪೋರ್ಟಿಗೆ ಚಿರಾಗ್ ಬಿಡುತ್ತೇನೆಂದಿದ್ದ. ಅದಕ್ಕೂ ಬೊಮಿಯ ಹತ್ತಿರ ಕಾನೂನು ಕೇಳಿ, ಬೇಡವೆಂದು ಊಬರ್ ಕರೆಸಿಕೊಂಡಿದ್ದಳು. ನಮ್ಮೂರಿನಲ್ಲಿ ಊರು ಬಿಟ್ಟು ಹೋಗುವ ಹೆಂಗಸನ್ನು ಮಡಿಲು ತುಂಬದೆ ಕಳಿಸುವುದಿಲ್ಲ. ತೆಂಗಿನಕಾಯಿ, ಅಕ್ಕಿ, ಬೆಲ್ಲ, ರವಿಕೆ ಕಣ. ಇವಳಿಗೆ ಅದೂ ಕೊಡುವ ಹಾಗಿಲ್ಲ, ಪದವಿಗೆ ಹೋಗುವವರು ತೆಗೆದುಕೊಳ್ಳಲೂ ಬಾರದಂತೆ. ವರ್ಷಗಟ್ಟಲೆ ಒಬ್ಬರ ಕೈಯಡುಗೆ ಒಬ್ಬರು ತಿಂದವರು ಬರಿಗೈಯಲ್ಲಿ ಎದುರುಬದುರು ನಿಂತೆವು.

ನಾನು ಒಳಗೆ ಹೋಗಿ ಡಬ್ಬಿ ತಂದೆ. ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಊರ್ಮಿಳಾ, ಬೇಡ. ನಾನು ಏನೂ ತಗೊಳ್ಳೋ ಹಾಗಿಲ್ಲ."

"ಒಳಗೆ ನೋಡು."

ನೋಡಿದಳು. ಏನೂ ಇರಲಿಲ್ಲ. ಮುಚ್ಚಳವನ್ನೂ ನಾನು ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದೆ.

"ಇದು ಉಡುಗೊರೆ ಅಲ್ಲ. ನನ್ನ ಪಾತ್ರೆ, ನನ್ನ ಹೆಸರಿದೆ ನೋಡು. ಎರವಲು ಕೊಡ್ತಿದೀನಿ. ಮುಚ್ಚಳ ನನ್ನ ಹತ್ತಿರ ಇರತ್ತೆ, ಒಳಗೇನೋ ಇದೆ ಅಂತ ಯಾರೂ ಅನ್ನೋ ಹಾಗಿಲ್ಲ. ಒಂದಲ್ಲ ಒಂದು ದಿನ ನೀನೇ ತಂದುಕೊಡಬೇಕು. ಬರಿದಾಗಿ ತರಬಾರದು."

ಅವಳು ಬೊಮಿಯ ಕಡೆ ತಿರುಗಿ ಕೊರಿಯನ್‌ನಲ್ಲಿ ಏನೋ ಕೇಳಿದಳು. ಬೊಮಿ ಗಂಭೀರವಾಗಿ ಯೋಚಿಸಿ, "ಎರವಲು ಓಕೆ ಅನ್ಸತ್ತೆ" ಅಂದಳು. ಜೊಂಗಿಮ್ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೆತ್ತಿದ ಹೆಸರಿನ ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ನಾನು ಸೋತ ದಿನ ನೀನು ಪಾಯಸ ಮಾಡಿದ್ದೆ" ಅಂದಳು ತಲೆಯೆತ್ತದೆ. "ಬೊಮಿ ಫೋಟೋ ಕಳಿಸಿದ್ದಳು. ಗೋಡಂಬಿ ಬೇರೆ ಹಾಕಿ."

ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ನನಗೂ ಹಾಗೇ ಆಗಿತ್ತು. ಊಬರ್ ಬಂತು. ಸೂಟ್‌ಕೇಸುಗಳನ್ನು ಡಿಕ್ಕಿಗೆ ಹಾಕಿದರು. ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದಳು. ನಾನು ಬಗ್ಗಿ ನಿಂತು, ಇಷ್ಟು ದಿನ ದೀಪದ ಮುಂದೆಯೂ ಬಾಯಿಗೆ ಬಾರದಿದ್ದ ಮಾತನ್ನು ಹೇಳಿದೆ.

"ಚೆನ್ನಾಗಿ ಮಾತಾಡು. ಮುಂದಿನ ಸಲಾನೂ ನಿಂತ್ಕೋ. ಅದರ ಮುಂದಿನ ಸಲಾನೂ ಗೆಲ್ಲು. ಡಬ್ಬಿಗೆ ಏನೂ ಅವಸರ ಇಲ್ಲ."

ಮೊನ್ನೆ ಬೊಮಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಜೊಂಗಿಮ್ ತನ್ನ ಕಚೇರಿಯಲ್ಲಿ ಕೂತು ಯಾರಿಗೋ ಸಂದರ್ಶನ ಕೊಡುತ್ತಿದ್ದಳು. ಧ್ವನಿ ಏರುತ್ತಿತ್ತು, ಇಳಿಯುತ್ತಿತ್ತು, ಒಂದು ಕಡೆ ಮೇಜು ಕುಟ್ಟಿಯೂ ಬಿಟ್ಟಳು. ಹಿಂದೆ ಕಪಾಟಿನಲ್ಲಿ ಪುಸ್ತಕಗಳ ಪಕ್ಕ ಸ್ಟೀಲ್ ಡಬ್ಬಿ, ಬಾಯಿ ತೆರೆದುಕೊಂಡು. ನಾನು ಅಲ್ಲಿಗೆ ನಿಲ್ಲಿಸಿ ಬೆರಳಲ್ಲಿ ದೊಡ್ಡದು ಮಾಡಿ ನೋಡಿದೆ. ಹೆಸರು ಮುಂದಕ್ಕೆ ಬರುವಂತೆ ಇಟ್ಟಿದ್ದಳು.

ಅಷ್ಟರಲ್ಲಿ ಹಾಲಿನ ಪಾತ್ರೆಗೆ ಮುಚ್ಚಳ ಹುಡುಕುತ್ತಿದ್ದ ಮುರಳೀಧರ ಡ್ರಾಯರಿನಿಂದ ಒಂದನ್ನು ತೆಗೆದು ಅಲ್ಲಿ ಇಲ್ಲಿ ಕೂರಿಸಿ ನೋಡಿದರು. "ಇದು ಯಾವುದಕ್ಕೂ ಕೂರ್ತಿಲ್ವಲ್ಲೇ. ಬಿಸಾಕ್ಲಾ?"

"ಅಲ್ಲೇ ಇಡ್ರೀ" ಅಂದೆ. "ಅದರ ಡಬ್ಬಿ ಕೆಲಸಕ್ಕೆ ಹೋಗಿದೆ."